ಹಳೇ ಫೋಟೋ ಇದೆಯಾ?

ನಾನು ಈ ಖುರ್ಚಿಯಲ್ಲಿ ಕೂತು 47 ದಿನ ಆಯ್ತು. ಅಷ್ಟು ದಿನ ರಾತ್ರಿ 9 ಗಂಟೆಗೆ ನನ್ನ ಬದಲು ನನ್ನ ಸಹೋದ್ಯೋಗಿಗಳು ಬಂದರು, ನನಗಿಂತ ಚೆನ್ನಾಗಿಯೇ ನಡೆಸಿಕೊಟ್ಟರು. ಆದರೂ ನಿಮ್ಮಲ್ಲಿ ತುಂಬಾ ಜನ ಫೋನ್ ಮಾಡಿದಿರಿ, ಮೆಸೇಜ್ ಹಾಕಿದಿರಿ, ಎಲ್ಲಿ ಹೋದ್ರಿ ಅಂತ ಕೇಳಿದಿರಿ. ಕೆಲವರು ಚಾನೆಲ್ ಬಿಟ್ಟ ಅಂದ್ರು. ಇನ್ನು ಕೆಲವರು ಎಲೆಕ್ಷನ್‌ಗೆ ನಿಲ್ತಾನಂತೆ ಅಂದ್ರು. ಒಂದು ಯೂಟ್ಯೂಬ್ ಚಾನೆಲ್‌ನಲ್ಲಂತೂ ನನ್ನ ಫೋಟೋವನ್ನ ಕಪ್ಪು-ಬಿಳುಪು ಮಾಡಿ, ಸುತ್ತ ಕೆಂಪು ಗೆರೆ ಎಳೆದು, ‘ಖ್ಯಾತ ನಿರೂಪಕನಿಗೆ ಬ್ರೈನ್ ಕ್ಯಾನ್ಸರ್, ಸ್ಥಿತಿ ಗಂಭೀರ’ ಅಂತ ಹಾಕಿದ್ದರು. ಆಸ್ಪತ್ರೆ ಹಾಸಿಗೆ ಮೇಲೆ, ಮೂಗಿಗೆ ಪ್ಯಾಕ್ ಹಾಕಿಸಿಕೊಂಡು, ಬಾಯಲ್ಲಿ ಉಸಿರಾಡ್ತಾ ನಾನೇ ಅದನ್ನ ನೋಡಿದೆ. ಸಿಟ್ಟು ಬರಲಿಲ್ಲ. ಆ ಥರ ಥಂಬ್‌ನೇಲ್ ಮಾಡೋದನ್ನ ಅವರಿಗೆ ಕಲಿಸಿದ್ದು ಯಾರು? ನಾವೇ ಅಲ್ವಾ?

ಹಾಗಾಗಿ ಇವತ್ತು ರಾಜಕೀಯ ಬೇಡ. ಏನಾಗಿತ್ತು ಅನ್ನೋದನ್ನ ನನ್ನ ಬಾಯಿಂದಲೇ ಕೇಳಿಬಿಡಿ.

ಮೊದಲನೆಯದು, ಅದು ಕ್ಯಾನ್ಸರ್ ಅಲ್ಲ. ಎರಡನೆಯದು, ಅದು ಮೆದುಳಿನ ಒಳಗೂ ಇರಲಿಲ್ಲ. ಮೂಗಿನ ಹಿಂದೆ, ಎರಡು ಕಣ್ಣಿನ ನಡುವೆ ನೇರವಾಗಿ ಒಳಗೆ ಹೋದರೆ, ಮೆದುಳಿನ ಕೆಳಗೆ ಮೂಳೆಯಲ್ಲಿ ಒಂದು ಸಣ್ಣ ಗುಳಿ ಇದೆ. ಕುದುರೆಯ ಜೀನಿನ ಆಕಾರದ ಗುಳಿ. ಅದರಲ್ಲಿ ಬಟಾಣಿ ಕಾಳಿನಷ್ಟು ದೊಡ್ಡ ಒಂದು ಗ್ರಂಥಿ ಕೂತಿರುತ್ತೆ. ಹೆಸರು ಪಿಟ್ಯುಟರಿ. ತೂಕ ಸುಮಾರು ಅರ್ಧ ಗ್ರಾಂ. ಥೈರಾಯ್ಡ್ ಎಷ್ಟು ಕೆಲಸ ಮಾಡಬೇಕು, ಮುಟ್ಟು ಯಾವಾಗ ಆಗಬೇಕು, ಎದೆಹಾಲು ಯಾವಾಗ ಬರಬೇಕು, ಮಕ್ಕಳು ಎಷ್ಟು ಎತ್ತರ ಬೆಳೆಯಬೇಕು, ಜ್ವರ ಬಂದಾಗ ಮೈ ತಡ್ಕೋಬೇಕಂದ್ರೆ ಎಷ್ಟು ಸ್ಟಿರಾಯ್ಡ್ ಬೇಕು, ಕುಡಿದ ನೀರಲ್ಲಿ ಎಷ್ಟನ್ನ ಮೂತ್ರಪಿಂಡ ಉಳಿಸಿಕೊಳ್ಳಬೇಕು, ಇಷ್ಟಕ್ಕೂ ಆರ್ಡರ್ ಹೋಗೋದು ಆ ಅರ್ಧ ಗ್ರಾಂನಿಂದ. ನನಗೆ ಅಲ್ಲೊಂದು ಗಡ್ಡೆ ಬೆಳೆದಿತ್ತು. 17 ಮಿಲಿಮೀಟರ್.

ನಾನು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದಿದವನು ಅಂತ ನಿಮಗೆ ಗೊತ್ತು. ಕಂಟ್ರೋಲ್ ಸಿಸ್ಟಮ್ಸ್ ಅಂತ ಒಂದು ಸಬ್ಜೆಕ್ಟ್ ಇತ್ತು, ಎರಡನೇ ಸಲಕ್ಕೆ ಪಾಸ್ ಮಾಡಿದೆ. ಅದು ಜೀವನದಲ್ಲಿ ಉಪಯೋಗಕ್ಕೆ ಬಂದಿದ್ದು ಡಾಕ್ಟರ ಮುಂದೆ ಕೂತಾಗ. ಮನೆಯ ಗೀಸರ್ ನೋಡಿ. ನೀರು ಕಾಯೋತನಕ ಕರೆಂಟ್ ಹೋಗುತ್ತೆ, ಕಾದ ಮೇಲೆ ಥರ್ಮೋಸ್ಟಾಟ್ ಕಟ್ ಮಾಡುತ್ತೆ. ಪಿಟ್ಯುಟರಿಯೂ ಹಾಗೇ. ಅದು ಬೆಳವಣಿಗೆಯ ಹಾರ್ಮೋನು ಬಿಡುತ್ತೆ, ಆ ಹಾರ್ಮೋನು ಲಿವರ್‌ಗೆ ಹೋಗುತ್ತೆ, ಲಿವರ್ ಐಜಿಎಫ್-1 ಅನ್ನೋ ಇನ್ನೊಂದನ್ನ ತಯಾರಿಸುತ್ತೆ. ಅದು ಜಾಸ್ತಿ ಆದಾಗ ‘ಸಾಕು’ ಅಂತ ಪಿಟ್ಯುಟರಿಗೆ ಸುದ್ದಿ ಹೋಗುತ್ತೆ. ನನ್ನ ಗಡ್ಡೆ ಆ ‘ಸಾಕು’ ಅನ್ನೋ ಮಾತನ್ನ ಕೇಳಿಸಿಕೊಳ್ತಾ ಇರಲಿಲ್ಲ. ಹಗಲು ರಾತ್ರಿ ಗೀಸರ್ ಆನ್. ವರ್ಷಗಟ್ಟಲೆ.

ಮಕ್ಕಳಲ್ಲಿ ಹೀಗಾದರೆ ಎತ್ತರ ಬೆಳೀತಾರೆ, ಯಾಕಂದ್ರೆ ಮೂಳೆಯ ತುದಿಗಳು ಇನ್ನೂ ತೆರೆದಿರ್ತವೆ. ದೊಡ್ಡವರಲ್ಲಿ ಆ ಬಾಗಿಲು ಮುಚ್ಚಿರುತ್ತೆ. ಆಗ ಮೂಳೆ ಉದ್ದ ಆಗಲ್ಲ, ದಪ್ಪ ಆಗುತ್ತೆ. ಕೈ, ಕಾಲು, ದವಡೆ, ಹುಬ್ಬಿನ ಮೂಳೆ, ಮೂಗು, ತುಟಿ, ನಾಲಗೆ, ಒಳಗೆ ಹೃದಯ ಕೂಡ. ಇದಕ್ಕೆ ಆಕ್ರೊಮೆಗಲಿ ಅಂತ ಹೆಸರು. 1886ರಲ್ಲಿ ಪಿಯರೆ ಮರಿ ಅನ್ನೋ ಫ್ರೆಂಚ್ ಡಾಕ್ಟರು ಇಟ್ಟ ಹೆಸರು. ಹತ್ತು ಲಕ್ಷ ಜನರಲ್ಲಿ 50-60 ಮಂದಿಗೆ ಇರಬಹುದು, ಅಷ್ಟು ಅಪರೂಪ.

ಅಪರೂಪ ಅನ್ನೋದಕ್ಕಿಂತ ದೊಡ್ಡ ತೊಂದರೆ ಏನು ಗೊತ್ತಾ? ನಿಧಾನ. ಇದು ಎಷ್ಟು ನಿಧಾನವಾಗಿ ಬರುತ್ತೆ ಅಂದ್ರೆ, ದಿನಾ ನೋಡೋರಿಗೆ ಕಾಣಲ್ಲ. ದಿನಾ ಕನ್ನಡಿ ನೋಡ್ಕೊಳ್ಳೋ ನನಗೇ ಕಾಣಲಿಲ್ಲ. ಕನ್ನಡಿ ನೋಡೋದೇ ನನ್ನ ಕೆಲಸದ ಅರ್ಧ ಭಾಗ!

2017ರಲ್ಲಿ ನನ್ನ ಮದುವೆ. ನಿಶ್ಚಿತಾರ್ಥಕ್ಕೆ ಮಾಡಿಸಿದ ಉಂಗುರ 2019ಕ್ಕೆ ಬಿಗಿಯಾಯ್ತು. ಊರಲ್ಲಿ ಆಚಾರ್ರ ಹತ್ತಿರ ಕೊಟ್ಟು ದೊಡ್ಡದು ಮಾಡಿಸಿದೆ. 2021ರಲ್ಲಿ ಮತ್ತೆ ಕೊಟ್ಟೆ. ಆಚಾರ್ರು ‘ಅಳಿಯಂದಿರು ಚೆನ್ನಾಗಿ ಊಟ ಮಾಡ್ತಿದ್ದೀರಿ’ ಅಂತ ನಕ್ಕರು. ಎಂಟನೇ ನಂಬರ್ ಶೂ ಹಾಕ್ತಿದ್ದವನು ಹತ್ತಕ್ಕೆ ಬಂದೆ. ಮೂವತ್ತು ದಾಟಿದ ಮೇಲೆ ಯಾರಿಗಾದರೂ ಪಾದ ಬೆಳೆಯುತ್ತಾ? ಆ ಪ್ರಶ್ನೆ ನಾನು ಕೇಳ್ಕೊಳ್ಳಲೇ ಇಲ್ಲ. ಕಂಪನಿ ಕಂಪನಿಗೆ ಸೈಜ್ ಬೇರೆ ಬೇರೆ ಇರುತ್ತೆ ಅಂದ್ಕೊಂಡೆ. ಅಮ್ಮ ಹಬ್ಬಕ್ಕೆ ಹೋದಾಗ ದಿಟ್ಟಿಸಿ ನೋಡಿ, ‘ಏನೋ ಮಗಾ, ಬರ್ತಾ ಬರ್ತಾ ನಿಮ್ಮ ತಾತನ ಥರಾನೇ ಆಗ್ತಿದ್ದೀಯ’ ಅಂದ್ರು. ತಾತನಿಗೆ ಅಗಲ ಮುಖ, ದಪ್ಪ ಮೂಗು. ಅಲ್ಲಿಗೆ ಅದಕ್ಕೂ ಒಂದು ಕಾರಣ ಸಿಕ್ಕಿತು. ವಂಶ.

ಆಮೇಲೆ ಡಾಕ್ಟರುಗಳು. ಗೊರಕೆ ಜಾಸ್ತಿ ಆಯ್ತು ಅಂತ ಹೆಂಡತಿ ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಕಳಿಸಿದಳು. ತೂಕ ಇಳಿಸಿ ಅಂದ್ರು. ರಾತ್ರಿ ಬೆರಳು ಜೋಮು ಹಿಡಿಯೋದು, ಮೂಳೆ ಡಾಕ್ಟರು ಮೊಬೈಲ್ ಕಮ್ಮಿ ಮಾಡಿ ಅಂದ್ರು. ಕೆಳಗಿನ ಹಲ್ಲುಗಳ ನಡುವೆ ಸಂದಿ ಬಿತ್ತು, ಹಲ್ಲಿನ ಡಾಕ್ಟರು ಕ್ಲಿಪ್ ಹಾಕೋಣ್ವಾ ಅಂದ್ರು. ಬಿಪಿ ಬಂತು, ಮಾತ್ರೆ. ಶುಗರ್ ಬಂತು, ಮಾತ್ರೆ. ಎಸಿ ಸ್ಟುಡಿಯೋದಲ್ಲಿ ಕೂತು ಶರ್ಟ್ ಒದ್ದೆಯಾಗೋ ಹಾಗೆ ಬೆವರೋದು, ಅದಕ್ಕೆ ಟೆನ್ಷನ್ ಅಂದ್ರು. ಯಾರೂ ಕೆಟ್ಟ ಡಾಕ್ಟರಲ್ಲ. ಒಬ್ಬೊಬ್ಬರು ಹೇಳಿದ್ದೂ ಅವರವರ ಮಟ್ಟಿಗೆ ಸರಿಯೇ. ಆದರೆ ಆರು ಚೀಟಿ ಆರು ಫೈಲಲ್ಲಿ ಇದ್ದವು. ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರಲಿಲ್ಲ. ಯಾರನ್ನ ಬೈಯಲಿ? ಒಂದೇ ಸಲ ಆರು ಕಡೆ ಫಾಲ್ಟ್ ಬಂದ್ರೆ ಮೊದಲು ಪವರ್ ಸಪ್ಲೈ ಚೆಕ್ ಮಾಡು ಅಂತ ಲ್ಯಾಬ್‌ನಲ್ಲಿ ನಮಗೆ ಹೇಳಿಕೊಟ್ಟಿದ್ದರು. ಆರೂ ಫೈಲ್ ಇದ್ದಿದ್ದು ನನ್ನ ಬೀರುವಿನಲ್ಲೇ.

ಮೊದಲು ಹೇಳಿದವರು ಯಾರು ಅಂದ್ರೆ ನಮ್ಮ ಮೇಕಪ್ ಅಣ್ಣ. ಅವರ ಹೆಸರು ಹೇಳಿದರೆ ನಾಚ್ಕೊಂಡು ನಾಳೆ ರಜೆ ಹಾಕಿಬಿಡ್ತಾರೆ, ಬೇಡ. ಒಂದು ದಿನ ಬ್ರಷ್ ಕೆಳಗಿಟ್ಟು ಹೇಳಿದರು: ‘ಸರ್, ತಪ್ಪು ತಿಳ್ಕೋಬೇಡಿ. ಎಂಟು ವರ್ಷದಿಂದ ಈ ಮುಖ ಮುಟ್ತಾ ಇದ್ದೀನಿ. ಮೂಗು ಅಗಲ ಆಗಿದೆ. ಹುಬ್ಬಿನ ಮೂಳೆ ಮುಂದಕ್ಕೆ ಬಂದಿದೆ. ಮೊದಲು ಇಲ್ಲಿ ನಾನು ಶೇಡ್ ಹಾಕ್ತಿರಲಿಲ್ಲ, ಈಗ ದಿನಾ ಹಾಕ್ಬೇಕು. ದಪ್ಪ ಆದ್ರೆ ಕೆನ್ನೆ ದಪ್ಪ ಆಗುತ್ತೆ ಸರ್, ಮೂಳೆ ಆಗಲ್ಲ.’

ಅಂದ್ರೆ ನೋಡಿ, ನನ್ನ ಕಾಯಿಲೆ ನಿಮಗೆ ಕಾಣದ ಹಾಗೆ ಎರಡು-ಮೂರು ವರ್ಷದಿಂದ ಅವರು ಪೌಡರ್ ಹಚ್ಚಿ ಮುಚ್ಚಿಡ್ತಾ ಇದ್ದರು. ನಾನು ಆವತ್ತೂ ನಕ್ಕು ಸುಮ್ಮನಾದೆ.

ಇನ್ನೊಂದು ಸೂಚನೆ ಸ್ಟುಡಿಯೋದಲ್ಲೇ ಸಿಕ್ಕಿತ್ತು. ಕ್ಯಾಮೆರಾದ ಪಕ್ಕ ಫ್ಲೋರ್ ಮ್ಯಾನೇಜರ್ ನಿಂತಿರ್ತಾರೆ. ಬ್ರೇಕ್‌ಗೆ ಎಷ್ಟು ಸೆಕೆಂಡ್ ಇದೆ ಅಂತ ಬೆರಳು ತೋರಿಸ್ತಾರೆ. ಅದು ನನಗೆ ತಪ್ಪಿಹೋಗೋಕೆ ಶುರುವಾಯ್ತು. ಅವರು ಕೈ ಬೀಸೋದು, ನಾನು ಮಾತಾಡ್ತಾನೇ ಇರೋದು. ಆಂಕರ್‌ಗೆ ಅಹಂಕಾರ ಬಂದಿದೆ, ಕ್ಯೂ ತಗೊಳ್ಳಲ್ಲ ಅಂತ ಕಂಟ್ರೋಲ್ ರೂಮಲ್ಲಿ ಮಾತಾಯ್ತು. ನಿಜ ಏನಂದ್ರೆ ನನಗೆ ಅವರ ಕೈ ಕಾಣ್ತಾ ಇರಲಿಲ್ಲ. ಪಿಟ್ಯುಟರಿಯ ನೇರ ಮೇಲೆ ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟಿ ಹೋಗ್ತವೆ. ಗಡ್ಡೆ ಮೇಲಕ್ಕೆ ಬೆಳೆದರೆ ಆ ಕೂಡುರಸ್ತೆಯನ್ನೇ ಒತ್ತುತ್ತೆ. ಆಗ ಮೊದಲು ಹೋಗೋದು ಎರಡೂ ಬದಿಯ ಹೊರಗಿನ ನೋಟ. ನೇರ ನೋಟ ಚೆನ್ನಾಗೇ ಇರುತ್ತೆ. ನನ್ನ ಕೆಲಸ ಟೆಲಿಪ್ರಾಂಪ್ಟರ್ ನೋಡೋದು, ಅದು ಎದುರಿಗೇ ಇರುತ್ತೆ. ಹಾಗಾಗಿ ಗೊತ್ತೇ ಆಗಲಿಲ್ಲ. ಆ ಕಣ್ಣಲ್ಲಿ ನಾನು ಔಟರ್ ರಿಂಗ್ ರೋಡಲ್ಲಿ ಕಾರ್ ಓಡಿಸ್ತಿದ್ದೆ ಅಂತ ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತೆ.

ಕೊನೆಗೆ ಹಿಡಿದವರು ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟರು. ಶುಗರ್ ಚೆಕಪ್‌ಗೆ ಹೋಗಿದ್ದೆ, ದಿನಾ ನೋಡೋ ಡಾಕ್ಟರು ರಜೆ. ಈ ಮೇಡಂ ಬಿಪಿ ನೋಡೋಕೆ ಕೈ ಹಿಡಿದರು, ಹಿಡಿದ ಕೈ ಬಿಡಲಿಲ್ಲ. ಅಂಗೈ ತಿರುಗಿಸಿ ನೋಡಿದರು. ‘ನಾಲಗೆ ಚಾಚಿ’ ಅಂದರು. ‘ಹಲ್ಲು ಕಚ್ಚಿ ತೋರಿಸಿ’ ಅಂದರು. ಆಮೇಲೆ ಕೇಳಿದರು: ‘ನಿಮ್ಮ ಹಳೇ ಫೋಟೋ ಇದೆಯಾ? ಒಂದು ಐದಾರು ವರ್ಷ ಹಿಂದಿನದು?’

ನಾನು ಜೋರಾಗಿ ನಕ್ಕೆ. ಫೋಟೋ ಏನು ಮೇಡಂ, ಎಂಟು ವರ್ಷದ ವಿಡಿಯೋ ಇದೆ ಯೂಟ್ಯೂಬಲ್ಲಿ ಅಂದೆ. ಅವರ ಫೋನಲ್ಲೇ 2015ರ ಒಂದು ಬುಲೆಟಿನ್ ತೆಗೆದು ಪಕ್ಕದಲ್ಲಿ ಹಿಂದಿನ ವಾರದ್ದು ಇಟ್ಟರು. ಆ ಎರಡು ಮುಖ ನೋಡಿದ ಮೇಲೆ ನನಗೆ ನಗು ಬರಲಿಲ್ಲ. ಇಬ್ಬರೂ ಅಣ್ಣ-ತಮ್ಮಂದಿರು ಅನ್ನಬಹುದಿತ್ತು, ಒಬ್ಬನೇ ಅನ್ನೋಕೆ ಆಗ್ತಿರಲಿಲ್ಲ.

ಒಂದು ಕಾಲದಲ್ಲಿ ಡಾಕ್ಟರುಗಳ ಹತ್ತಿರ ಇದ್ದಿದ್ದು ಮುಖ ನೋಡೋ ಈ ಕಣ್ಣು ಮಾತ್ರ. ರಕ್ತದಲ್ಲಿ ಇಷ್ಟು ಸಣ್ಣ ಪ್ರಮಾಣದ ಹಾರ್ಮೋನನ್ನ ಅಳೆಯೋ ವಿಧಾನ ಕಂಡುಹಿಡಿದದ್ದಕ್ಕೆ ರೋಸಲಿನ್ ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು. ಈಗ ಟೆಸ್ಟ್ ಸುಲಭ. ಬೆಳವಣಿಗೆಯ ಹಾರ್ಮೋನನ್ನ ಯಾವಾಗಂದ್ರೆ ಆವಾಗ ಅಳೆದರೆ ಪ್ರಯೋಜನ ಇಲ್ಲ, ಅದು ದಿನವಿಡೀ ಏರಿಳೀತಾ ಇರುತ್ತೆ. ಐಜಿಎಫ್-1 ಸ್ಥಿರವಾಗಿರುತ್ತೆ. ನನ್ನದು ನನ್ನ ವಯಸ್ಸಿಗೆ ಇರಬೇಕಾದ ಮೇಲ್ಮಿತಿಯ ಮೂರು ಪಟ್ಟು ಇತ್ತು. ಆಮೇಲೆ ಖಾಲಿ ಹೊಟ್ಟೆಯಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಕಾಲ ಅರ್ಧರ್ಧ ಗಂಟೆಗೆ ರಕ್ತ ತೆಗೆದರು. ಆರೋಗ್ಯವಂತರಲ್ಲಿ ಸಕ್ಕರೆ ಏರಿದಾಗ ಬೆಳವಣಿಗೆಯ ಹಾರ್ಮೋನು ನೆಲ ಕಚ್ಚುತ್ತೆ. ನನ್ನದು ಕದಲಲಿಲ್ಲ. ಅದಾದ ಮೇಲೆ ಎಂಆರ್‌ಐ, ಕಣ್ಣಿನ ಫೀಲ್ಡ್ ಟೆಸ್ಟ್. ಎಂಟು ವರ್ಷ ಗೊತ್ತಾಗದ್ದು ಎಂಟು ದಿನದಲ್ಲಿ ಗೊತ್ತಾಯ್ತು.

ಇಲ್ಲಿ ಒಂದು ಮಾತು, ದಯವಿಟ್ಟು ಗಮನ ಕೊಟ್ಟು ಕೇಳಿ. ಈ ಕಾರ್ಯಕ್ರಮ ನೋಡಿ ನಾಳೆ ಬೆಳಗ್ಗೆ ಎಂಆರ್‌ಐ ಸೆಂಟರ್ ಮುಂದೆ ಕ್ಯೂ ನಿಲ್ಲಬೇಡಿ. ತಲೆನೋವು ಬಂದವರಿಗೆಲ್ಲ ಪಿಟ್ಯುಟರಿ ಗಡ್ಡೆ ಇರಲ್ಲ. ಬೇರೆ ಬೇರೆ ಕಾರಣಕ್ಕೆ ತೀರಿಕೊಂಡವರ ಮರಣೋತ್ತರ ಪರೀಕ್ಷೆ ಮಾಡಿದಾಗ, ಸುಮಾರು ಹತ್ತರಲ್ಲಿ ಒಬ್ಬರ ಪಿಟ್ಯುಟರಿಯಲ್ಲಿ ಯಾರಿಗೂ ತೊಂದರೆ ಕೊಡದ ಒಂದು ಸಣ್ಣ ಗಂಟು ಸಿಗುತ್ತೆ. ಸುಮ್ಮನೆ ಸ್ಕ್ಯಾನ್ ಮಾಡಿಸಿದರೆ ಅಂಥದ್ದು ಕಂಡು, ಇಲ್ಲದ ಭಯ ಮನೆಗೆ ಬರುತ್ತೆ. ಮೊದಲು ಲಕ್ಷಣ, ಆಮೇಲೆ ರಕ್ತ, ಆಮೇಲೆ ಸ್ಕ್ಯಾನ್. ಈ ಕ್ರಮ ತಪ್ಪಿಸಬೇಡಿ.

ಈಗ ನನ್ನ ವಿಷಯ ಬಿಡಿ. ನಾನು ಹೇಳಲೇಬೇಕು ಅಂದ್ಕೊಂಡಿದ್ದು ಇನ್ನೊಬ್ಬರ ವಿಷಯ.

ಹಾರ್ಮೋನು ಡಾಕ್ಟರ ಓಪಿಡಿ ಹೊರಗೆ ಕಾಯ್ತಾ ಕೂತಿದ್ವಿ. ಪಕ್ಕದ ಬೆಂಚಲ್ಲಿ ಉತ್ತರ ಕರ್ನಾಟಕದ ಕಡೆಯ ಒಬ್ಬ ಹೆಣ್ಣುಮಗಳು. ನನ್ನ ಗುರುತು ಹಿಡಿದರು, ಆದರೆ ಮಾತಾಡಿದ್ದು ನನ್ನ ಹೆಂಡತಿ ಜೊತೆ. ಹೆಸರು, ಊರು ಹೇಳಬಾರದು ಅನ್ನೋ ಷರತ್ತಿನ ಮೇಲೆ ಇದನ್ನ ಹೇಳೋಕೆ ಒಪ್ಪಿಗೆ ಕೊಟ್ಟಿದ್ದಾರೆ. ಮದುವೆಯಾಗಿ ಆರು ವರ್ಷ. ಮುಟ್ಟು ನಿಂತು ನಾಲ್ಕು ವರ್ಷ. ಮಕ್ಕಳಿಲ್ಲ. ‘ಎದಿಯಾಗ ಹಾಲು ಬರ್ತಿತ್ರೀ ಅಕ್ಕಾ’ ಅಂದರಂತೆ. ‘ಕೂಸಿಲ್ಲ, ಬಸುರಿಲ್ಲ, ಹಾಲು ಬರ್ತೈತಿ. ಯಾರ ಮುಂದ ಹೇಳ್ಲಿ ಇದನ್ನ? ಗಂಡಗೂ ಹೇಳಿದ್ದಿಲ್ಲ.’ ಹರಕೆ ಆಯ್ತು, ಉಪವಾಸ ಆಯ್ತು, ಗಿಡಮೂಲಿಕೆ ಆಯ್ತು. ಬಂಜೆ ಅನ್ನೋ ಮಾತು ಅತ್ತೆ ಬಾಯಲ್ಲಿ ಬಂದು, ಓಣಿಯ ಬಾಯಿಗೆ ಹೋಯ್ತು. ಗಂಡನಿಗೆ ಇನ್ನೊಂದು ಹೆಣ್ಣು ನೋಡೋಕೆ ಶುರು ಮಾಡಿದ್ದರು. ತಾಲೂಕು ಆಸ್ಪತ್ರೆಯಲ್ಲಿ ಒಬ್ಬ ನರ್ಸ್ ಬಟ್ಟೆ ಒದ್ದೆಯಾಗಿದ್ದು ನೋಡಿ, ಬಾಗಿಲು ಹಾಕಿ ಕೇಳಿದ ಮೇಲೆ ಮೊದಲ ಸಲ ಬಾಯಿ ಬಿಟ್ಟರಂತೆ.

ಅವರಿಗಿದ್ದದ್ದೂ ಪಿಟ್ಯುಟರಿ ಗಡ್ಡೆಯೇ. ಆದರೆ ಅದು ಬಿಡ್ತಾ ಇದ್ದ ಹಾರ್ಮೋನು ಬೇರೆ, ಪ್ರೊಲ್ಯಾಕ್ಟಿನ್. ಬಾಣಂತಿಗೆ ಹಾಲು ಬರಿಸೋ ಹಾರ್ಮೋನು. ಅದು ಏರಿದಾಗ ದೇಹ ಮುಟ್ಟನ್ನ ನಿಲ್ಲಿಸುತ್ತೆ. ಹಾರ್ಮೋನು ಬಿಡೋ ಪಿಟ್ಯುಟರಿ ಗಡ್ಡೆಗಳಲ್ಲಿ ಅತಿ ಹೆಚ್ಚು ಕಾಣಿಸೋದು ಇದೇ. ಇದನ್ನ ಕಂಡುಹಿಡಿಯೋಕೆ ಮೊದಲು ಬೇಕಾಗಿರೋದು ಒಂದು ರಕ್ತ ಪರೀಕ್ಷೆ. ಚಿಕಿತ್ಸೆ? ಬಹಳಷ್ಟು ಜನರಿಗೆ ಆಪರೇಷನ್ನೇ ಬೇಡ. ಕ್ಯಾಬರ್ಗೋಲಿನ್ ಅಂತ ಒಂದು ಮಾತ್ರೆ, ಸಾಮಾನ್ಯವಾಗಿ ವಾರಕ್ಕೆ ಎರಡು ಸಲ. ಪ್ರೊಲ್ಯಾಕ್ಟಿನ್ ಇಳಿಯುತ್ತೆ, ಗಡ್ಡೆ ಕುಗ್ಗುತ್ತೆ, ಮುಟ್ಟು ವಾಪಸ್ ಬರುತ್ತೆ, ಎಷ್ಟೋ ಜನರಿಗೆ ಮಕ್ಕಳಾಗ್ತವೆ. ನಾಲ್ಕು ವರ್ಷ ಒಂದು ಹೆಣ್ಣುಮಗಳು ಹೊತ್ತಿದ್ದ ಆ ಹೆಸರು, ವಾರಕ್ಕೆ ಎರಡು ಮಾತ್ರೆಯಲ್ಲಿ ಇಳೀಬಹುದಿತ್ತು.

ಪ್ರೊಲ್ಯಾಕ್ಟಿನ್ ಸ್ವಲ್ಪ ಏರಿದೆ ಅಂದ ಕೂಡಲೇ ಗಡ್ಡೆ ಅಂದ್ಕೋಬೇಡಿ, ಅದನ್ನೂ ಹೇಳಿಬಿಡ್ತೀನಿ. ಬಸುರಾದಾಗ ಏರುತ್ತೆ. ಥೈರಾಯ್ಡ್ ಕಮ್ಮಿ ಇದ್ದರೆ ಏರುತ್ತೆ. ವಾಂತಿಗೆ, ಗ್ಯಾಸ್‌ಗೆ ಅಂತ ನಾವು ಅಂಗಡಿಯಲ್ಲಿ ಕೇಳಿ ತಗೊಳ್ಳೋ ಡೊಂಪೆರಿಡೋನ್‌ನಿಂದ, ಮಾನಸಿಕ ಕಾಯಿಲೆಯ ಕೆಲವು ಔಷಧಿಗಳಿಂದ ಕೂಡ ಏರುತ್ತೆ. ಡಾಕ್ಟರು ಅದನ್ನೆಲ್ಲ ಕೇಳ್ತಾರೆ, ಮುಚ್ಚಿಡದೆ ಹೇಳಿ. ಮತ್ತೆ ಇದು ಗಂಡಸರಿಗೂ ಬರುತ್ತೆ. ಅವರಿಗೆ ಮುಟ್ಟು ನಿಲ್ಲೋ ಸೂಚನೆ ಇಲ್ಲ, ಆಸಕ್ತಿ ಹೋಯ್ತು ಅಂತ ಹೇಳ್ಕೊಳ್ಳೋಕೆ ಬಾಯಿ ಬರಲ್ಲ. ಗಡ್ಡೆ ದೊಡ್ಡದಾಗಿ ಕಣ್ಣಿಗೆ ಬಂದ ಮೇಲೆ ಬರ್ತಾರೆ.

ನನ್ನ ಥರದ ಗಡ್ಡೆಗೆ ಸಾಮಾನ್ಯವಾಗಿ ಮೊದಲ ಚಿಕಿತ್ಸೆ ಆಪರೇಷನ್. ತಲೆ ಬುರುಡೆ ತೆರೆಯಲ್ಲ. ಮೂಗಿನ ಹೊಳ್ಳೆಯಿಂದ ದುರ್ಬೀನು ಹಾಕಿ, ಹಿಂದಿನ ತೆಳು ಮೂಳೆ ತೆಗೆದು ಒಳಗೆ ಹೋಗ್ತಾರೆ. ಮೂಗಿನ ಡಾಕ್ಟರು ದಾರಿ ಮಾಡಿಕೊಡ್ತಾರೆ, ನ್ಯೂರೋ ಸರ್ಜನ್ ಗಡ್ಡೆ ತೆಗೀತಾರೆ. ಮೆದುಳಿನ ನೀರು ಸೋರದ ಹಾಗೆ ನನ್ನ ತೊಡೆಯಿಂದಲೇ ಒಂದು ಚೂರು ತೆಗೆದು ಅಲ್ಲಿ ಮುಚ್ಚಿದರು. ಮೂಗಿಗೆ ಮಾಡಿದ ಆಪರೇಷನ್, ಕುಂಟಿದ್ದು ಕಾಲು. ಕೇಳಿದವರಿಗೆಲ್ಲ ಅದನ್ನ ವಿವರಿಸೋದೇ ಒಂದು ಕೆಲಸ ಆಗಿತ್ತು. ಆಮೇಲೆ ಮೂಗು ಸೀನಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು, ಬಗ್ಗಬಾರದು, ಭಾರ ಎತ್ತಬಾರದು. ಮೂಗಿಂದ ತಿಳಿ ನೀರು ತೊಟ್ಟಿಕ್ಕಿದರೆ ತಕ್ಷಣ ಹೇಳಬೇಕು.

ಯಾರೂ ಮೊದಲೇ ನನಗೆ ಹೇಳದ ಒಂದು ವಿಷಯ ಅಂದ್ರೆ ಲೆಕ್ಕ. ಕುಡಿದ ನೀರೆಷ್ಟು, ಹೋದ ಮೂತ್ರವೆಷ್ಟು, ಪ್ರತಿಯೊಂದನ್ನೂ ಅಳೆದು ಬರೀಬೇಕು. ಪಿಟ್ಯುಟರಿಗೆ ಪೆಟ್ಟಾದರೆ ನೀರು ಹಿಡಿದಿಡೋ ಹಾರ್ಮೋನು ಕೈಕೊಡಬಹುದು, ಆಗ ಲೀಟರ್‌ಗಟ್ಟಲೆ ಮೂತ್ರ ಹೋಗುತ್ತೆ. ಇನ್ನು ಕೆಲವರಿಗೆ ಮನೆಗೆ ಬಂದ ಮೇಲೆ, ಒಂದು ವಾರದ ಹೊತ್ತಿಗೆ, ರಕ್ತದಲ್ಲಿ ಸೋಡಿಯಂ ಇಳಿದುಬಿಡುತ್ತೆ. ಸುಸ್ತು, ವಾಂತಿ, ಮಂಪರು. ಆಪರೇಷನ್ ಆದ ಸುಸ್ತು ಅಂತ ಮಲಗಿಸಿಬಿಟ್ಟರೆ ಅಪಾಯ. ನನ್ನ ಹೆಂಡತಿ ಬ್ಯಾಂಕಲ್ಲಿ ಕೆಲಸ ಮಾಡೋಳು. ಆಕೆ ಇಟ್ಟ ಲೆಕ್ಕದ ಪುಸ್ತಕ ನೋಡಿ ವಾರ್ಡ್ ಸಿಸ್ಟರ್ ‘ಆಡಿಟ್‌ಗೆ ಕಳಿಸಬಹುದು’ ಅಂದ್ರು.

ಈಗ ಹೇಗಿದ್ದೀನಿ? ಉಂಗುರ ಸಡಿಲ ಆಗಿದೆ, ದಾರ ಸುತ್ತಿಕೊಂಡಿದ್ದೀನಿ. ಮೆತ್ತನೆ ಭಾಗದ ಊತ ಬೇಗ ಇಳಿಯುತ್ತೆ, ಬೆಳೆದ ಮೂಳೆ ವಾಪಸ್ ಹೋಗಲ್ಲ. ಹಾಗಾಗಿ ಈ ಹುಬ್ಬು, ಈ ದವಡೆ ಇನ್ನು ನನ್ನವೇ. ಇವತ್ತು ಮೇಕಪ್ ಅಣ್ಣನಿಗೆ ಶೇಡ್ ಹಾಕಬೇಡಿ ಅಂದಿದ್ದೀನಿ, ನೀವು ನೋಡ್ತಿರೋದು ಇದ್ದ ಮುಖ ಇದ್ದ ಹಾಗೆ. ಶುಗರ್ ಇಳಿದಿದೆ. ಗೊರಕೆ ಬಗ್ಗೆ ಮನೆಯಲ್ಲಿ ದೂರಿಲ್ಲ. ಫ್ಲೋರ್ ಮ್ಯಾನೇಜರ್ ಕೈ ಕಾಣ್ತಾ ಇದೆ, ಇನ್ನು ಮೇಲೆ ಕ್ಯೂ ತಪ್ಪಿಸಿದರೆ ಅದು ಅಹಂಕಾರವೇ ಅಂತ ತಿಳ್ಕೊಳ್ಳಿ.

ಪೂರ್ತಿ ಮುಗಿದಿಲ್ಲ. ರಕ್ತನಾಳದ ಪಕ್ಕ ಒಂದು ಚೂರು ಗಡ್ಡೆ ಉಳಿದಿದೆ, ಅಲ್ಲಿ ಕೈ ಹಾಕೋದು ಬೇಡ ಅಂತ ಡಾಕ್ಟರೇ ಬಿಟ್ಟರು. ಮೂರು ತಿಂಗಳಾದ ಮೇಲೆ ಐಜಿಎಫ್-1 ನೋಡ್ತಾರೆ. ಇಳಿಯದಿದ್ದರೆ ತಿಂಗಳಿಗೊಂದು ಇಂಜೆಕ್ಷನ್, ಒಂದೊಂದಕ್ಕೆ ಹತ್ತಾರು ಸಾವಿರ ರೂಪಾಯಿ. ಅದಕ್ಕೂ ಬಗ್ಗದಿದ್ದರೆ ಗಾಮಾ ನೈಫ್ ಅಂತ ವಿಕಿರಣ ಚಿಕಿತ್ಸೆ, ನಮ್ಮ ನಿಮ್ಹಾನ್ಸ್‌ನಲ್ಲಿ ಆ ಯಂತ್ರ ಇದೆ. ನನಗೆ ಆಫೀಸಿನ ಇನ್ಶೂರೆನ್ಸ್ ಇತ್ತು. ಬಿಪಿಎಲ್ ಕಾರ್ಡ್ ಇರೋರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕೌಂಟರಲ್ಲಿ ಕೇಳದೆ ಸಾಲ ಮಾಡೋಕೆ ಹೋಗಬೇಡಿ. ಆಪರೇಷನ್ ಖರ್ಚಿಗೆ ದಾರಿ ಇರಬಹುದು, ತಿಂಗಳ ಇಂಜೆಕ್ಷನ್‌ಗೆ ಏನು ಅಂತಲೂ ಅಲ್ಲೇ ಕೇಳಿ. ಈ ಖರ್ಚಿನ ಬಗ್ಗೆ ಇನ್ನೊಂದು ದಿನ ಆರೋಗ್ಯ ಸಚಿವರನ್ನೇ ಕೂರಿಸಿಕೊಂಡು ಕೇಳೋದಿದೆ.

ನನ್ನ ಪರ್ಸಲ್ಲಿ ಈಗ ಒಂದು ಕಾರ್ಡ್ ಇದೆ. ಸದ್ಯಕ್ಕೆ ನನ್ನ ದೇಹ ತನಗೆ ಬೇಕಾದಷ್ಟು ಸ್ಟಿರಾಯ್ಡ್ ತಯಾರಿಸ್ತಿಲ್ಲ, ಹೈಡ್ರೊಕಾರ್ಟಿಸೋನ್ ಮಾತ್ರೆ ತಗೊಳ್ತಿದ್ದೀನಿ. ಜ್ವರ ಬಂದರೆ ಡೋಸ್ ಜಾಸ್ತಿ ಮಾಡಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಆಸ್ಪತ್ರೆಗೆ ಓಡಿ ಇಂಜೆಕ್ಷನ್ ತಗೋಬೇಕು. ಸ್ಟಿರಾಯ್ಡ್ ಅಂದ ಕೂಡಲೇ ಹೆದರಿ, ಯಾರದೋ ಮಾತು ಕೇಳಿ ನಿಲ್ಲಿಸಿಬಿಟ್ಟರೆ ಪ್ರಾಣಕ್ಕೇ ಕುತ್ತು. ನನಗೇ ಇಬ್ಬರು ನೆಂಟರು ಅದನ್ನ ಬಿಟ್ಟು ಕಷಾಯ ಕುಡಿ ಅಂದ್ರು. ಕಷಾಯ ಕುಡಿದೆ. ಮಾತ್ರೆ ಬಿಡಲಿಲ್ಲ.

ಇನ್ನೊಂದು ವಿಷಯ ಇದೆ. ಹೇಳೋಕೆ ಕಷ್ಟ, ಆದರೂ ಹೇಳ್ತೀನಿ.

ಖಲಿ ಗೊತ್ತಲ್ಲ ನಿಮಗೆ, ಡಬ್ಲ್ಯುಡಬ್ಲ್ಯುಇ ಕುಸ್ತಿಯ ದಿ ಗ್ರೇಟ್ ಖಲಿ, ಹಿಮಾಚಲದ ದಲೀಪ್ ಸಿಂಗ್ ರಾಣಾ. 2012ರಲ್ಲಿ ಅಮೆರಿಕದಲ್ಲಿ ಅವರ ಪಿಟ್ಯುಟರಿ ಗಡ್ಡೆ ತೆಗೆದರು. ದಾಖಲೆಯಲ್ಲಿರೋ ಅತಿ ಎತ್ತರದ ಮನುಷ್ಯ ಅಮೆರಿಕದ ರಾಬರ್ಟ್ ವಾಡ್ಲೋ, 272 ಸೆಂಟಿಮೀಟರ್. ಅವನ ಎತ್ತರಕ್ಕೂ ಪಿಟ್ಯುಟರಿಯೇ ಕಾರಣ. 1940ರಲ್ಲಿ ಸತ್ತಾಗ ವಯಸ್ಸು 22. ಕಾಲಿಗೆ ಹಾಕಿದ್ದ ಆಸರೆಯ ಪಟ್ಟಿ ಉಜ್ಜಿ ಗುಳ್ಳೆ ಆಗಿ, ಅದು ನಂಜಾಗಿ ಸತ್ತ. ಪಾದದಲ್ಲಿ ಸ್ಪರ್ಶವೇ ಅಷ್ಟಾಗಿ ಇರಲಿಲ್ಲ. ಆಗ ಈಗಿನಂಥ ಚಿಕಿತ್ಸೆ ಇರಲಿಲ್ಲ. ಟರ್ಕಿಯ ಸುಲ್ತಾನ್ ಕೋಸೆನ್, 251 ಸೆಂಟಿಮೀಟರ್, 2010ರಲ್ಲಿ ಅಮೆರಿಕದಲ್ಲಿ ಗಾಮಾ ನೈಫ್ ಚಿಕಿತ್ಸೆ ತಗೊಂಡ ಮೇಲೆ ಅವರ ಬೆಳವಣಿಗೆ ನಿಂತಿತು. ಒಂದೇ ಕಾಯಿಲೆ, ಕಾಲ ಬೇರೆ.

2016ರಲ್ಲಿ ನಾನು ಇದೇ ಸ್ಟುಡಿಯೋದಲ್ಲಿ ಒಂದು ಅರ್ಧ ಗಂಟೆ ಕಾರ್ಯಕ್ರಮ ಮಾಡಿದ್ದೆ. ಹಳ್ಳಿಯ ಒಬ್ಬ ಹುಡುಗ, 19 ವರ್ಷ, ಏಳು ಅಡಿ ಹತ್ತಿರ ಎತ್ತರ. ಬಾಗಿಲಲ್ಲಿ ಬಗ್ಗಿ ಬಂದ. ನಮ್ಮ ಖುರ್ಚಿ ಅವನಿಗೆ ಸಾಲಲಿಲ್ಲ, ಟೇಬಲ್ ಮೇಲೆ ಕೂರಿಸಿದ್ವಿ. ಹಿನ್ನೆಲೆಗೆ ಸಿನಿಮಾ ಸಂಗೀತ ಹಾಕಿದ್ವಿ. ಎಷ್ಟು ಮುದ್ದೆ ತಿಂತೀಯ, ಚಪ್ಪಲಿ ಎಲ್ಲಿ ಸಿಗುತ್ತೆ, ಹುಡುಗಿ ಸಿಕ್ಕಿದಾಳಾ, ಹೀಗೆಲ್ಲ ಕೇಳಿದೆ. ಹೋದ ತಿಂಗಳು ಮನೆಯಲ್ಲಿ ಮಲಗಿದ್ದಾಗ ಆ ಎಪಿಸೋಡ್ ಮತ್ತೆ ನೋಡಿದೆ. ಹನ್ನೊಂದನೇ ನಿಮಿಷಕ್ಕೆ ಅವನು ಹೇಳ್ತಾನೆ: ‘ಸಾರ್, ಮಂಡಿ ತುಂಬಾ ನೋಯ್ತದೆ. ತಲೆನೋವು ಬತ್ತದೆ. ಸಂಜೆ ಆದ್ರೆ ಪಕ್ಕದಲ್ಲಿ ಇರೋರು ಸರಿಯಾಗಿ ಕಾಣಲ್ಲ.’ ಅದಕ್ಕೆ ನಾನು ಏನು ಹೇಳಿದೆ ಗೊತ್ತಾ? ‘ಅಷ್ಟು ಮೇಲಿಂದ ನಾವೆಲ್ಲ ಎಲ್ಲಿ ಕಾಣಬೇಕು ಬಿಡಪ್ಪ!’ ಸ್ಟುಡಿಯೋ ಎಲ್ಲ ನಕ್ಕಿತು. ಅವನೂ ನಕ್ಕ.

ನನ್ನ ಆರು ಚೀಟಿಗಳನ್ನ ಡಾಕ್ಟರುಗಳು ಒಟ್ಟಿಗೆ ಇಟ್ಟು ನೋಡಲಿಲ್ಲ ಅಂತ ಆಗಲೇ ಹೇಳಿದೆನಲ್ಲ. ಈ ಹುಡುಗ ಮೂರು ಲಕ್ಷಣ ಒಂದೇ ಉಸಿರಲ್ಲಿ, ಮೈಕ್ ಮುಂದೆ, ನನಗೇ ಹೇಳಿದ್ದ.

ಹಳೇ ಡೈರಿಯಲ್ಲಿದ್ದ ಅವನ ಫೋನ್ ನಂಬರ್ ಈಗ ಬೇರೆ ಯಾರದೋ. ನಮ್ಮ ಜಿಲ್ಲಾ ವರದಿಗಾರರು ಎರಡು ವಾರ ಹುಡುಕಿದರು. ಮೊನ್ನೆ ಅವನ ಅಣ್ಣ ಸಿಕ್ಕಿದರು. ಬದುಕಿದಾನೆ. ಕೆಲಸಕ್ಕೆ ಹೋಗೋಕಾಗ್ತಿಲ್ಲ, ಮನೆಯಲ್ಲೇ ಇರ್ತಾನೆ, ಸಂಜೆ ಮೇಲೆ ಹೊರಗೆ ಬರಲ್ಲ ಅಂದ್ರಂತೆ. ಇದುವರೆಗೆ ಯಾವ ಡಾಕ್ಟರೂ ನೋಡಿಲ್ಲ. ನನ್ನನ್ನ ನೋಡಿದ ಆ ಮೇಡಂ ಒಂದು ಚೀಟಿಯಲ್ಲಿ ಏನೇನು ಟೆಸ್ಟ್ ಬೇಕು ಅಂತ ಬರೆದುಕೊಟ್ಟಿದ್ದಾರೆ, ಅಪಾಯಿಂಟ್‌ಮೆಂಟೂ ಆಗಿದೆ. ಸೋಮವಾರ ಬೆಳಗ್ಗೆ ಅವನನ್ನ ಕರ್ಕೊಂಡು ಬರೋಕೆ ನಮ್ಮ ಆಫೀಸಿನ ವ್ಯಾನ್ ಹೋಗ್ತಾ ಇದೆ. ಆ ವ್ಯಾನಲ್ಲಿ ಕ್ಯಾಮೆರಾ ಇರಲ್ಲ.